ಹೆಗಲ ಗಂಟಿನ ಪರದೇಶಿ

'ಪರದೇಶಿ' ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು; ದಿಕ್ಕಿಲ್ಲದವನು, ಹಿಂದುಮುಂದಿಲ್ಲದವನು ಎಂಬುದು ಇನ್ನೊಂದು. ಮನೆಮಾತಿನಲ್ಲಿ ಎರಡನೆಯದರ ಬಳಕೆಯೇ ಹೆಚ್ಚು. "ಪಾಪ, ಪರದೇಶಿ ಮಗು" ಎಂದು ನಮ್ಮ ಅಜ್ಜಿ ಮರುಗಿದರೆ, ಆ ಮಗು ಫ್ರಾನ್ಸಿನಿಂದ ಬಂದದ್ದೆಂದು ಯಾರೂ ತಿಳಿಯುತ್ತಿರಲಿಲ್ಲ. ತನ್ನ ಊರನ್ನು ಬಿಟ್ಟು ಬಂದವನು ಎಂಥ ಸಿರಿವಂತನೇ ಆಗಿರಲಿ, ಬಂದ ಊರಿನಲ್ಲಿ ಒಂದು ಬಗೆಯ ಅನಾಥ. ಅವನಿಗೆ ನೀರು, ನೆರಳು, ದಾರಿ ಎಲ್ಲವನ್ನೂ ಇನ್ನೊಬ್ಬರೇ ತೋರಿಸಬೇಕು ಎಂಬ ತಿಳಿವಳಿಕೆ ಈ ಒಂದು ಶಬ್ದದಲ್ಲಿ ಅಡಗಿದೆ. ಎರಡೂ ಅರ್ಥಗಳು ಒಂದೇ ದೇಹದಲ್ಲಿ ಕೂಡಿ ನಡೆದುಬಂದದ್ದನ್ನು ಕಾಣಬೇಕಾದರೆ ಉತ್ತರ ಕನ್ನಡದ ಗೋಕರ್ಣಕ್ಕೆ ಹೋಗಬೇಕು. ಬೆನ್ನಿಗೆ ಚೀಲ ಬಿಗಿದು, ಎಣಿಸಿ ಖರ್ಚು ಮಾಡಬೇಕಾದ ಹಣವನ್ನು ಕಿಸೆಯಲ್ಲಿಟ್ಟುಕೊಂಡು, ಯಾರ ಹಂಗೂ ಇಲ್ಲದವರಂತೆ ಕಂಡರೂ ಎಲ್ಲರ ಹಂಗಿನಲ್ಲಿಯೇ ತಿರುಗುವ ಈ ಪ್ರವಾಸಿಗರನ್ನು ಇಂದು ಬ್ಯಾಕ್‌ಪ್ಯಾಕರ್ ಎನ್ನುತ್ತಾರೆ.

ಇವರು ಬಂದ ದಾರಿ ದೊಡ್ಡದು. 1960-70ರ ದಶಕಗಳಲ್ಲಿ ಯುರೋಪಿನ ತರುಣರು ಇಸ್ತಾಂಬುಲಿನಿಂದ ಹೊರಟು ತೆಹರಾನ್, ಕಾಬೂಲ್, ಲಾಹೋರುಗಳನ್ನು ಹಾಯ್ದು ದೆಹಲಿಗೆ ಬರುತ್ತಿದ್ದರು. ಟೋನಿ ಮತ್ತು ಮೌರೀನ್ ವೀಲರ್ ದಂಪತಿಗಳು ಹೀಗೆ ಏಷ್ಯವನ್ನು ದಾಟಿದ ಅನುಭವವನ್ನು 1973ರಲ್ಲಿ ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದರು. ಲೋನ್ಲಿ ಪ್ಲಾನೆಟ್ ಎಂಬ ಮಾರ್ಗದರ್ಶಿ ಗ್ರಂಥಮಾಲೆ ಹುಟ್ಟಿದ್ದು ಅದರಿಂದ. 1981ರಲ್ಲಿ ಭಾರತದ ಸಂಪುಟವೂ ಬಂತು. ಅಷ್ಟರಲ್ಲಿ, 1979ರಲ್ಲಿ, ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನದ ಮೇಲೆ ಸೋವಿಯತ್ ಸೇನೆಯ ಆಕ್ರಮಣವೂ ನಡೆದು ನೆಲದ ದಾರಿ ಮುಚ್ಚಿಹೋಗಿತ್ತು. ಆದರೆ ಗೋವೆಯ ಅಂಜುನಾ ಮೊದಲಾದ ಕಡಲತೀರಗಳಲ್ಲಿ ಬೇರೂರಿದ್ದ ಅಭ್ಯಾಸ ಉಳಿಯಿತು. ಅಲ್ಲಿ ಗದ್ದಲವೂ ಬೆಲೆಯೂ ಏರಿದಾಗ ಮೌನ ಬೇಕಾದವರು ಕಾರವಾರ, ಅಂಕೋಲೆಗಳನ್ನು ದಾಟಿ ದಕ್ಷಿಣಕ್ಕೆ ಸರಿದರು. ಗಂಗಾವಳಿ ಮತ್ತು ಅಘನಾಶಿನಿ ನದಿಗಳ ನಡುವೆ, ಮುಂದೆ ಕಡಲು ಹಿಂದೆ ಗುಡ್ಡ ಎಂಬಂತಿದ್ದ ಗೋಕರ್ಣ ಅವರಿಗೆ ಸಿಕ್ಕಿತು.

ಸಿಕ್ಕಿದ್ದು ಸರಿ, ಊರು ಅವರನ್ನು ಒಳಗೆ ಬಿಟ್ಟುಕೊಂಡದ್ದು ಹೇಗೆ? ಮಡಿ-ಮೈಲಿಗೆಯ ಎಚ್ಚರವಿದ್ದ ವೈದಿಕರ ಊರು, ಜಡೆಗಟ್ಟಿದ ಕೂದಲಿನ ಈ ಅಪರಿಚಿತರಿಗೆ ಕೋಣೆ ಕೊಟ್ಟದ್ದೇಕೆ? ಹಣಕ್ಕಾಗಿ ಎಂದು ಹೇಳಿಬಿಡುವುದು ಸುಲಭ. ಹಣಕ್ಕಿಂತ ಹಳೆಯದಾದ ಕಾರಣವೊಂದಿದೆ ಎಂದು ನನಗೆ ತೋರುತ್ತದೆ. ಗೋಕರ್ಣಕ್ಕೆ ಗಂಟು ಹೊತ್ತವರು ಹೊಸಬರಲ್ಲ. ಕಾಳಿದಾಸನ ರಘುವಂಶದ ಎಂಟನೆಯ ಸರ್ಗದಲ್ಲಿ ನಾರದ ಮಹರ್ಷಿ ಹೊರಟದ್ದು ದಕ್ಷಿಣ ಸಮುದ್ರದ ದಡದ ಗೋಕರ್ಣನಾಥನ ಬಳಿಗೆ. ಇಂದುಮತಿಯ ಸಾವಿಗೆ ಕಾರಣವಾದ ಮಾಲೆ ಅವನ ವೀಣೆಯಿಂದ ಜಾರಿಬಿದ್ದದ್ದು ಈ ಪ್ರಯಾಣದಲ್ಲಿಯೇ. ಇಂಗ್ಲಿಷ್ ವೈದ್ಯನಾದ ಜಾನ್ ಫ್ರೈಯರ್ 1676ರ ಸುಮಾರಿಗೆ ಇಲ್ಲಿಗೆ ಬಂದು ಜಾತ್ರೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಮಹಾಬಲೇಶ್ವರನ ದರ್ಶನಕ್ಕೆಂದೂ ಪಿತೃಕಾರ್ಯಕ್ಕೆಂದೂ ಘಟ್ಟದ ಮೇಲಿನಿಂದ ಇಳಿದು ಬರುವವರಿಗೆ ಪುರೋಹಿತರ ಮನೆಗಳೇ ತಂಗುದಾಣ. ಜಗುಲಿಯ ಮೇಲೆ ಒಂದು ಚಾಪೆ, ಹಿತ್ತಿಲ ಬಾವಿಯಲ್ಲಿ ನೀರು, ಹೊತ್ತಿಗೆ ಊಟ. ಯಾತ್ರಿಕನಿಗಿದ್ದ ಆ ಕೋಣೆಯೇ ಬ್ಯಾಕ್‌ಪ್ಯಾಕರನಿಗೂ ಸಂದಿತು.

1980ರ ದಶಕದಲ್ಲಿ, ನಾನಿನ್ನೂ ತರುಣ ಅಧ್ಯಾಪಕನಾಗಿದ್ದಾಗ, ಶಿವರಾತ್ರಿಗೆಂದು ಹೋಗಿ ಅಂಥ ಒಂದು ಮನೆಯಲ್ಲಿ ಇಳಿದುಕೊಂಡಿದ್ದೆ. ಜಗುಲಿಯ ಒಂದು ಕೊನೆಯಲ್ಲಿ ಬಯಲುಸೀಮೆಯ ಮುದುಕರೊಬ್ಬರು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಇನ್ನೊಂದು ಕೊನೆಯಲ್ಲಿ ಬಿಳಿಯ ಹುಡುಗನೊಬ್ಬ ಚೀಲಕ್ಕೆ ತಲೆಕೊಟ್ಟು ಮಲಗಿದ್ದ. ಮನೆಯ ಅಮ್ಮ ಬಂದು ಮೊದಲು "ಊಟ ಆಯ್ತಾ ಅಜ್ಜಾ?" ಎಂದು ಅವರನ್ನು ಕೇಳಿದರು; ಬಳಿಕ ಹುಡುಗನ ಕಡೆ ತಿರುಗಿ, ಕೈಯನ್ನು ಬಾಯಿಯ ಬಳಿಗೊಯ್ದು ಸನ್ನೆ ಮಾಡಿ, "ಊಟ?" ಎಂದರು. ಮುದುಕರಿಗೆ ಅವರ ಮಾತು ಅರ್ಧವಷ್ಟೇ ಅರ್ಥವಾಗುತ್ತಿತ್ತು, ಹುಡುಗನಿಗೆ ಅದೂ ಇಲ್ಲ. ಆ ಊರಿನ ಲೆಕ್ಕದಲ್ಲಿ ಇಬ್ಬರೂ ಪರದೇಶಿಗಳೇ.

ತಿಥಿಯನ್ನು ನೋಡದೆ, ದಿನ ಗೊತ್ತುಮಾಡದೆ ಬರುವವನೇ ಅತಿಥಿ ಎಂದು ಹಿಂದಿನವರು ಆ ಶಬ್ದವನ್ನು ಬಿಡಿಸುತ್ತಿದ್ದರು. (ಗೋಕರ್ಣಕ್ಕೆ ತಿಥಿಗೆಂದೇ ಬರುವವರೂ ಬಹಳ ಮಂದಿ, ಆ ಮಾತು ಬೇರೆ.) ಅಂದಿನ ಬ್ಯಾಕ್‌ಪ್ಯಾಕರ್ ಈ ನಿರ್ವಚನಕ್ಕೆ ತಕ್ಕವನು. ಮೂರು ದಿನಕ್ಕೆಂದು ಬಂದು ಮೂರು ತಿಂಗಳು ಉಳಿಯುತ್ತಿದ್ದ. ಬೀದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹಾಲಕ್ಕಿ ಒಕ್ಕಲಿಗರ ಹೆಂಗಸರಿಂದ ಸೊಪ್ಪು, ಹರಿವೆ, ಬೆಂಡೆ ಕೊಳ್ಳುತ್ತಿದ್ದ. ಕೊರಳ ತುಂಬ ಮಣಿಸರ ತೊಟ್ಟ ಆ ತಾಯಂದಿರು ಅವನ ಮುರುಕು ಕನ್ನಡಕ್ಕೆ ನಗುತ್ತಿದ್ದರು. ಅಲ್ಲಿ ನಿಧಾನವಿತ್ತು, ಆ ನಿಧಾನದಿಂದಲೇ ಪರಿಚಯ ಹುಟ್ಟುತ್ತಿತ್ತು.

ಹಾಗೆಂದು ಆ ಕಾಲವನ್ನು ಚಿನ್ನದ ಕಾಲವೆಂದು ಬಣ್ಣಿಸಲು ನಾನು ಸಿದ್ಧನಿಲ್ಲ. ಗಾಂಜಾದ ಹೊಗೆಯೂ ಅರೆಬತ್ತಲೆಯ ಓಡಾಟವೂ ಊರಿನವರಿಗೆ ಇರಿಸುಮುರಿಸು ತಂದವು. ಮಕ್ಕಳನ್ನು ಕಡಲಿನ ಕಡೆ ಕಳಿಸಲು ಅಂಜಿದ ತಂದೆತಾಯಿಗಳಿದ್ದರು. 'ಅಗ್ಗದ ಊರು' ಎಂಬ ಮೆಚ್ಚುಗೆಯ ಮಾತಿನೊಳಗೆ ಊರಿನ ಬಡತನವೂ ಇತ್ತು. ಐದೋ ಹತ್ತೋ ರೂಪಾಯಿಗೆ ಗುಡಿಸಲು ಸಿಗುತ್ತಿದ್ದರೆ, ಅದನ್ನು ಕೊಟ್ಟವನಿಗೆ ಬೇರೆ ಗತಿ ಇರಲಿಲ್ಲ ಎಂದೂ ಅರ್ಥ.

ಆ ಗುಡಿಸಲುಗಳಿದ್ದದ್ದು ಊರಿನಲ್ಲಲ್ಲ, ಗುಡ್ಡದಾಚೆ. ಊರ ಮುಂದಿನ ಕಡಲತೀರದ ದಕ್ಷಿಣದ ತುದಿಯಿಂದ ರಾಮತೀರ್ಥದ ಬಳಿ ಗುಡ್ಡ ಹತ್ತಿದರೆ ಚಿರೇಕಲ್ಲಿನ ಕೆಂಪು ಹಾಸು, ಅದರ ಮೇಲೊಂದು ಕಾಲುದಾರಿ. ಇಳಿದರೆ ಕುಡ್ಲೆ, ಮತ್ತೊಂದು ಗುಡ್ಡ ದಾಟಿದರೆ ಓಂ. ಎರಡು ಬಾಗಿದ ತೀರಗಳು ನಡುವಿನ ಬಂಡೆಯ ಬಳಿ ಕೂಡಿ, ಮೇಲಿನಿಂದ ನೋಡುವವನಿಗೆ ಪ್ರಣವದ ಆಕಾರ ತೋರುವುದರಿಂದ ಆ ಹೆಸರು. ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್. ಈ ಹೆಸರುಗಳು ಯಾರ ಬಾಯಿಂದ ಬಂದವೆಂದು ವಿವರಿಸಬೇಕಾಗಿಲ್ಲ. ಕೊನೆಗೆ ಬೇಲೆಕಾನ. ಚೀಲ ಹೊತ್ತು, ಅಲ್ಲಲ್ಲಿ ಕುಳಿತು, ನಿಧಾನವಾಗಿ ನಡೆದರೆ ಅರ್ಧ ದಿನದ ದಾರಿ. ಅರವತ್ತು ದಾಟಿದ ಮೇಲೂ ನಾನು ಇದನ್ನು ನಡೆದಿದ್ದೇನೆ. ಈ ದಾರಿಯನ್ನು ಪ್ರವಾಸಿಗಳು ಕಂಡುಹಿಡಿದರೆಂದು ಹೇಳುವುದುಂಟು. ಕಟ್ಟಿಗೆ ಹೊತ್ತವರು, ದನ ಕಾಯುವವರು, ಮೀನಿನ ಬುಟ್ಟಿ ಹೊತ್ತ ಹೆಂಗಸರು ತುಳಿತುಳಿದು ಮಾಡಿದ ದಾರಿಯದು. ಬ್ಯಾಕ್‌ಪ್ಯಾಕರ್ ಅದರ ಮೇಲೆ ನಡೆದ, ಅಷ್ಟೆ.

ಮರಳಿನ ದಂಡೆಯ ವಿಷಯವೂ ಹೀಗೆಯೇ. ನಮಗೆ ಅದು ವಿಹಾರದ ಜಾಗ. ಖಾರ್ವಿ, ಹರಿಕಂತ್ರ, ಅಂಬಿಗರಿಗೆ ಕಸುಬಿನ ಅಂಗಳ. ಕರಾವಳಿಯ ಹಳೆಯ ರಂಪಣಿ ಬಲೆಯನ್ನು ನೆನೆಯಿರಿ. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧವೃತ್ತವಾಗಿ ಬಿಟ್ಟು, ಎರಡೂ ತುದಿಗಳನ್ನು ದಡದ ಮೇಲೆ ನಿಂತ ಹತ್ತಾರು ಜನ ಎಳೆಯಬೇಕು, ಎಳೆದವರಿಗೆಲ್ಲ ಪಾಲು. ಅದಕ್ಕೆ ಉದ್ದವಾದ, ಖಾಲಿಯಾದ ಮರಳದಂಡೆಯೇ ಬೇಕು. 1970ರ ದಶಕದ ನಡುವೆ ಯಂತ್ರದೋಣಿಗಳ ಪರ್ಸೀನ್ ಬಲೆಗಳು ಬಂದು, ದಡಕ್ಕೆ ಬರುವ ಮುನ್ನವೇ ಬಂಗಡೆ-ಬೈಗೆಗಳ ಹಿಂಡನ್ನು ಸುತ್ತುವರಿದು, ರಂಪಣಿಯ ಬೆನ್ನು ಮುರಿದವು. ರಂಪಣಿ ಹೋದ ಮರಳಿನ ಮೇಲೆ ಶ್ಯಾಕುಗಳು ಎದ್ದವು; ಮೀನು ಕೈಕೊಟ್ಟವರಲ್ಲಿ ಕೆಲವರು ಚಹದ ಅಂಗಡಿ ಇಟ್ಟರು. ಪ್ರವಾಸಿ ಬಂದು ಮೀನುಗಾರನನ್ನು ಓಡಿಸಿದ ಎಂಬ ಸರಳ ಕಥೆ ಪೂರ್ತಿ ನಿಜವಲ್ಲ. ಆದರೆ ಉಳಿದಿರುವ ಸಣ್ಣ ದೋಣಿಗಳಿಗೂ ಬಲೆ ಒಣಗಿಸಲು, ದೋಣಿ ಎಳೆದಿಡಲು ಜಾಗ ಬೇಕು. ಅಲ್ಲಿ ಒರಗುಕುರ್ಚಿಗಳ ಸಾಲು ಹಾಕಿದವನನ್ನು ಕಂಡು ಅವರು ಮುಖ ಸಿಂಡರಿಸಿದರೆ ಅದು ಒರಟುತನವಲ್ಲ.

ಕಡಲನ್ನು ಓದಬಲ್ಲವರು ಅವರು. ನಮ್ಮ ಮಕ್ಕಳು ಈಗ ಬೆಂಗಳೂರು, ಹುಬ್ಬಳ್ಳಿಗಳಿಂದ ಗುಂಪುಗೂಡಿ ಅಲ್ಲಿಗೆ ಹೋಗುತ್ತಿರುವುದರಿಂದ ಈ ಮಾತನ್ನು ತುಸು ಬಿಡಿಸಿ ಹೇಳಬೇಕು. ಆ ತೀರಗಳಲ್ಲಿ ಮುಳುಗಿ ಸತ್ತ ತರುಣರ ಸುದ್ದಿ ಬಾರದ ವರ್ಷವಿಲ್ಲ. ತೆರೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಷ್ಟೆ. ಅದು ಎಲ್ಲ ಕಡೆಯೂ ಸಮನಾಗಿ ಹಿಂದಿರುಗುವುದಿಲ್ಲ. ಬಂಡೆಯ ಮಗ್ಗುಲಲ್ಲೋ ಮರಳದಿಬ್ಬಗಳ ನಡುವಣ ತಗ್ಗಿನಲ್ಲೋ ಒಗ್ಗೂಡಿ ಹೊಳೆಯಂತೆ ಒಳಗಡಲಿಗೆ ಹರಿಯುತ್ತದೆ. ಇದು ಸೆಳವು. ಸೆಳವಿರುವಲ್ಲಿ ತೆರೆ ಒಡೆಯುವುದು ಕಡಮೆ. ಆದ್ದರಿಂದ ನೀರು ಶಾಂತವಾಗಿ ಕಾಣುತ್ತದೆ, ಹೊಸಬರು ಇಳಿಯುವುದೂ ಅಲ್ಲಿಯೇ. ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ದಡದ ಕಡೆಗೆ ನೇರವಾಗಿ ಈಜಲು ಹೆಣಗಿದವನು ದಣಿದು ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿದವನು ಅದರಿಂದ ಹೊರಬಂದು, ತೆರೆಗಳ ಜೊತೆಯಲ್ಲಿ ದಡ ಸೇರಬಲ್ಲನು. ಈಜು ಬಾರದವರಿಗೆ ಈ ತಿಳಿವಳಿಕೆಯೂ ಸಾಲದು. ಎಲ್ಲಿ ಇಳಿಯಬಾರದೆಂದು ದೋಣಿಯ ಬಳಿ ಕುಳಿತವರನ್ನು ಕೇಳಿದರೆ ಒಂದು ನಿಮಿಷದಲ್ಲಿ ಕೈಮಾಡಿ ತೋರಿಸುತ್ತಾರೆ. ನಾನು ಕಂಡಂತೆ ಕೇಳುವವರು ವಿರಳ.

ಹಳೆಯ ಬ್ಯಾಕ್‌ಪ್ಯಾಕರನಿಗೆ ಕೇಳದೆ ಗತಿ ಇರಲಿಲ್ಲ. ಅವನ ಕೈಯಲ್ಲಿ ನಕ್ಷೆ ತೋರಿಸುವ ಫೋನು ಇರಲಿಲ್ಲ, ಕೋಣೆ ಕಾದಿರಿಸಿರಲಿಲ್ಲ. ಇಂದಿನವನು ತಿಥಿ, ಗಳಿಗೆ, ಕೋಣೆಯ ಸಂಖ್ಯೆ ಸಹಿತ ಬರುತ್ತಾನೆ; ಹಣವನ್ನು ಮೊದಲೇ ಸಂದಾಯ ಮಾಡಿರುತ್ತಾನೆ. ಊರಿನವರೊಡನೆ ಒಂದು ಮಾತನ್ನೂ ಆಡದೆ ಎರಡು ಹಗಲು ಕಳೆದು ಮರಳಬಲ್ಲನು. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ತಿಯಾಗಿ ತೆರೆದು ಗೋಕರ್ಣ ರೋಡ್ ನಿಲ್ದಾಣ ಬಂದದ್ದು, ಹೆದ್ದಾರಿ ಅಗಲವಾದದ್ದು, ಓಂ ತೀರದವರೆಗೆ ವಾಹನ ಹೋಗುವಂತಾದದ್ದು ಇವೆಲ್ಲ ಊರಿನವರಿಗೂ ಬೇಕಾದ ಸೌಕರ್ಯಗಳೇ. ಆಸ್ಪತ್ರೆಗೆ ಓಡಬೇಕಾದವನ ಮುಂದೆ ಕಾಲುದಾರಿಯ ಚೆಲುವನ್ನು ಹೊಗಳುವುದು ನಿಷ್ಕರುಣೆ. ನನ್ನ ತಕರಾರು ಬೇರೆ. ಚಾಪೆ ಕೊಟ್ಟ ಮನೆಯವರ ಮಕ್ಕಳು ಗದ್ದೆಯನ್ನು ಹೊರಗಿನ ಹಣವಂತರಿಗೆ ಮಾರಿ, ಅಲ್ಲಿ ಎದ್ದ ವಸತಿಗೃಹದಲ್ಲಿಯೇ ಸಂಬಳಕ್ಕೆ ನಿಲ್ಲುವುದು ಎಂಥ ಅಭಿವೃದ್ಧಿ? ಭರತದ ಗೆರೆಯಿಂದ ಇಂತಿಷ್ಟು ದೂರ ಕಟ್ಟಬಾರದೆಂದು 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಟಿತು. 2011ರಲ್ಲಿ, ಮತ್ತೆ 2019ರಲ್ಲಿ ಅದು ಬದಲಾಯಿತು. ಮಳೆಗಾಲಕ್ಕೆ ಮುನ್ನ ತಾನಾಗಿ ಬಿಚ್ಚಿಡುವ ಮಡಲಿನ ಗುಡಿಸಲು ಕಡಲಿಗೆ ಮಾಡುವ ಅನ್ಯಾಯ ಅಲ್ಪ. ಸಿಮೆಂಟಿನ ಕಟ್ಟಡ ಬಿಚ್ಚಿಡಲು ಬರುವುದಿಲ್ಲ.

ಬಿಚ್ಚಿಡುವುದು ಆ ನಾಡಿನ ಹಳೆಯ ಲಯ. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಪಾತಿಗಳಿಗೆ ಹಾಯಿಸಿ, ಬೇಸಗೆಯ ಬಿಸಿಲಿನಲ್ಲಿ ಆರಿಸಿ, ಹರಳುಗಟ್ಟಿದ ಉಪ್ಪನ್ನು ಬಳಿದು ರಾಶಿ ಮಾಡುತ್ತಾರೆ. ಮೊದಲ ಮಳೆ ಬಿದ್ದರೆ ಕೆಲಸ ಮುಗಿಯಿತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದೋಣಿಗಳೂ ಕಡಲಿಗಿಳಿಯುವಂತಿಲ್ಲ. ಗುಡಿಸಲಿನ ಹಂಗಾಮೂ ಇದೇ ಪಂಚಾಂಗಕ್ಕೆ ಹೊಂದಿಕೊಂಡಿತ್ತು. ಆಟಿಕೆಯಂತೆ ಕಾಣುವ ಬಿಳಿಯ ಉಪ್ಪುಗುಡ್ಡೆಗಳ ಮುಂದೆ ನಿಂತು ಚಿತ್ರ ತೆಗೆದುಕೊಳ್ಳುವವರು, ಆ ಬಿಸಿಲಿನಲ್ಲಿ ಬರಿಗಾಲಲ್ಲಿ ಉಪ್ಪು ಹೊರುವವರ ಪಾದಗಳನ್ನು ಒಮ್ಮೆಯಾದರೂ ನೋಡಲಿ.

ಈಗಲೂ ಚೀಲ ಹೊತ್ತು ಹೊರಡಬೇಕೆನ್ನುವವರಿಗೆ ದಾರಿ ಮುಚ್ಚಿಲ್ಲ. ಹಾಫ್ ಮೂನ್‌ಗೂ ಪ್ಯಾರಡೈಸಿಗೂ ಕಾಲುನಡಿಗೆಯೋ ದೋಣಿಯೋ ಬೇಕು. ಬೇಲೆಕಾನದಿಂದ ತದಡಿಗೆ ಬಂದರೆ ಎದುರಿಗೆ ಅಘನಾಶಿನಿಯ ಅಳಿವೆ. ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ ಅದು. ಅದರ ಅಳಿವೆ 2024ರಲ್ಲಿ ರಾಮ್ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ನೂರಾರು ಜನ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಗಜನಿ ಗದ್ದೆಗಳಲ್ಲಿ ಬೆಳೆಯುತ್ತಿದ್ದವರ ನಾಡು ಅದು. ತದಡಿಯಿಂದ ಬಾರ್ಜಿನಲ್ಲಿ ಆಚೆ ದಡದ ಅಘನಾಶಿನಿ ಗ್ರಾಮಕ್ಕೆ ದಾಟಬಹುದು. ಬೈಕುಗಳು, ಮೀನುಬುಟ್ಟಿಗಳು, ಶಾಲೆಯ ಮಕ್ಕಳು, ಬೆನ್ನಿಗೆ ಚೀಲ ಬಿಗಿದವರು ಎಲ್ಲರೂ ಒಂದೇ ಹಲಗೆಯ ಮೇಲೆ ನಿಲ್ಲುತ್ತಾರೆ. ಆಚೆ ಇಳಿದು ಕಡಲಿನ ಅಂಚು ಹಿಡಿದರೆ ಕುಮಟೆಯವರೆಗೆ ನಡೆಯಬಹುದು. ದಾರಿ ಕವಲೊಡೆದಲ್ಲಿ ನಿಂತು, ಹತ್ತಿರದ ಮನೆಯ ಅಂಗಳದಲ್ಲಿ ಯಾರಿದ್ದಾರೆಂದು ನೋಡಿ, ಕೇಳಿ ಹೋಗಿರಿ.