ಲಿಂಡನ್ ಕಣಿವೆಯ ಟಿಪ್ಪಣಿ

ಅಮೆರಿಕದ ಯೂಟಾ ರಾಜ್ಯದಲ್ಲಿ ವಾಸಾಚ್ ಬೆಟ್ಟಸಾಲಿನ ಬುಡದಲ್ಲಿ, ಯೂಟಾ ಸರೋವರಕ್ಕೆ ಹತ್ತಿರವಾಗಿ, ಲಿಂಡನ್ ಎಂಬ ಸಣ್ಣ ಊರಿದೆ. ಎಸ್‌ಸಿಒ ಗ್ರೂಪ್ ಎಂಬ ಸಾಫ್ಟ್‌ವೇರ್ ಕಂಪನಿಯ ಬಿಡಾರ ಅಲ್ಲಿತ್ತು. ನನ್ನ ಕುತೂಹಲವೆಲ್ಲ ಅದರ ಷೇರನ್ನು ನೂರು ಇನ್ನೂರರ ಲೆಕ್ಕದಲ್ಲಿ ಕೊಂಡಿಟ್ಟುಕೊಂಡ ಸಣ್ಣ ಹೂಡಿಕೆದಾರರ ಮೇಲೆ. ಈ ಜೀವಿ ನೇರವಾಗಿ ಕಣ್ಣಿಗೆ ಬೀಳುವುದಿಲ್ಲ. ದಿನದ ಬೆಲೆ, ಕೈಬದಲಾದ ಷೇರುಗಳ ಸಂಖ್ಯೆ, ನ್ಯಾಯಾಲಯದ ಕಡತಗಳ ತಾರೀಖು, ಇವನ್ನು ಅಕ್ಕಪಕ್ಕ ಹರಡಿಕೊಂಡು ಹೆಜ್ಜೆಗುರುತು ಓದುತ್ತ ಕೂರಬೇಕು. ಬೆಲೆ ಏರುವುದೆನ್ನುವವ ಗೂಳಿ, ಇಳಿಯುವುದೆನ್ನುವವ ಕರಡಿ ಎಂದು ಪೇಟೆಯವರು ಮಾಡುವ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬೆಳಿಗ್ಗೆ ಗೂಳಿಯಾಗಿದ್ದವನು ಮಧ್ಯಾಹ್ನದೊಳಗೆ ಕರಡಿಯಾಗಿರುತ್ತಾನೆ.

ಮೊದಲು ನೆಲದ ವಿವರ. 1998ರ ಅಕ್ಟೋಬರಿನಲ್ಲಿ ಐಬಿಎಂ, ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಆಪರೇಷನ್ ಮತ್ತು ಸೀಕ್ವೆಂಟ್ ಸೇರಿ 'ಪ್ರಾಜೆಕ್ಟ್ ಮಾಂಟೆರೆ' ಶುರುಮಾಡಿದವು. ಇಂಟೆಲ್ ತರಲಿದ್ದ ಇಟಾನಿಯಂ ಚಿಪ್ಪಿಗೆ ಹೊಂದುವಂತೆ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಕಟ್ಟುವುದು ಗುರಿ. ಚಿಪ್ಪು ಬರುವುದು ತಡವಾಯಿತು. ಅಷ್ಟರಲ್ಲಿ ಐಬಿಎಂ ಕಣ್ಣು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಬಿತ್ತು. 2001ರಲ್ಲಿ ಅದಕ್ಕೆ ನೂರು ಕೋಟಿ ಡಾಲರ್ ಹಾಕುವ ಯೋಜನೆ ಅದರದು. ಅದೇ ವರ್ಷ ಸಾಂಟಾ ಕ್ರೂಜ್‌ನವರ ಯುನಿಕ್ಸ್ ವ್ಯವಹಾರ ಯೂಟಾದ ಕಾಲ್ಡೆರಾ ಕಂಪನಿಯ ಕೈಸೇರಿತು, ಮಾಂಟೆರೆ ಮುರಿದುಬಿತ್ತು. ಕಾಲ್ಡೆರಾ ಮುಂದೆ ಎಸ್‌ಸಿಒ ಎಂದು ಹೆಸರು ಬದಲಿಸಿಕೊಂಡಿತು. 2002ರ ಮಾರ್ಚಿನಲ್ಲಿ ನಾಲ್ಕು ಷೇರು ಕೂಡಿಸಿ ಒಂದು ಮಾಡಿ ಬೆಲೆಗೆ ಮಾನ ತಂದುಕೊಳ್ಳಬೇಕಾದ ಸ್ಥಿತಿ ಅದರದು.

2003ರ ಮಾರ್ಚ್ 6ರಂದು ಎಸ್‌ಸಿಒ ತನ್ನ ಯುನಿಕ್ಸ್ ವ್ಯವಹಾರದ ಹಳೆಯ ಜೊತೆಗಾರ ಐಬಿಎಂ ಮೇಲೆ ನೂರು ಕೋಟಿ ಡಾಲರಿನ ದಾವೆ ಹೂಡಿತು. ಯುನಿಕ್ಸಿನ ಗುಟ್ಟನ್ನು ಒಯ್ದು ಲಿನಕ್ಸಿಗೆ ಸುರಿದರೆಂಬುದು ದೂರು. ಆಗ ಷೇರಿನ ಬೆಲೆ ಸುಮಾರು ಎರಡು ಡಾಲರ್. ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಪರವಾನಗಿ ಕೊಂಡಿತು, ಬೆಲೆ ಜಿಗಿಯಿತು. ಮೇ 28ರಂದು ಯುನಿಕ್ಸಿನ ಹಕ್ಕುಸ್ವಾಮ್ಯ ತನ್ನದೆಂದು ನೊವೆಲ್ ಕಂಪನಿ ಘೋಷಿಸಿತು, ಬೆಲೆ ಒಂದೇ ದಿನದಲ್ಲಿ ಜರ್ರನೆ ಇಳಿಯಿತು. ಜೂನ್ 6ರಂದು ನೊವೆಲ್ ಕೊಂಚ ಮಾತು ಮೆತ್ತಗೆ ಮಾಡಿತು, ಬೆಲೆ ಮತ್ತೆ ಮೇಲೆ. ಕೇಳಿದ ಪರಿಹಾರ ಮುನ್ನೂರು ಕೋಟಿಯಾಯಿತು, ಮರುವರ್ಷ ಐನೂರು ಕೋಟಿ. 2003ರ ಅಕ್ಟೋಬರಿನಲ್ಲೇ ಷೇರು ಇಪ್ಪತ್ತು ಡಾಲರ್ ದಾಟಿತ್ತು.

ಈ ಏರಿಳಿತದ ಜಾಡಿನಲ್ಲಿ ಪುರಾವೆಗೆ ಸ್ಪಂದಿಸಿದ ಗುರುತು ಎಲ್ಲಿಯೂ ಇಲ್ಲ. ಇರುವುದೆಲ್ಲ ಸದ್ದಿಗೆ ಸ್ಪಂದಿಸಿದ್ದು. ಪುರಾವೆ ನೋಡುವ ದಾರಿಯಾದರೂ ಎಲ್ಲಿತ್ತು? ಆಗಸ್ಟಿನಲ್ಲಿ ಲಾಸ್ ವೇಗಸ್ ಸಭೆಯೊಂದರಲ್ಲಿ ಕಂಪನಿ ಕದ್ದ ಮಾಲಿನ ಮಾದರಿಯೆಂದು ಕೆಲವು ಸಾಲು ಕೋಡ್ ತೆರೆಯ ಮೇಲೆ ತೋರಿಸಿತು. ಗುಟ್ಟು ರಟ್ಟಾಗಬಾರದೆಂದು ಅದನ್ನು ಗ್ರೀಕ್ ಅಕ್ಷರಗಳಲ್ಲಿ ಮರೆಮಾಚಿದ್ದರು. ಲಿನಕ್ಸ್ ಬಲ್ಲವರು ಅಕ್ಷರ ಬದಲಿಸಿ ಓದಿ, ಅದರಲ್ಲೊಂದು ತುಣುಕು ಬರ್ಕ್ಲಿಯಿಂದ ಬಂದ ಮುಕ್ತ ಕೋಡ್ ಎಂದು ತೋರಿಸಿಕೊಟ್ಟರು. ಅದಾದ ಮೇಲೂ ಬೆಲೆ ಏರಿತು.

ಆಗ ಓಡಾಡುತ್ತಿದ್ದ ಊಹೆಗಳಲ್ಲಿ ಗಟ್ಟಿಯಾದದ್ದು ಒಂದು: ಐಬಿಎಂ ಈ ಕಂಪನಿಯನ್ನೇ ಕೊಂಡು ಬಾಯಿ ಮುಚ್ಚಿಸುತ್ತದೆ. ದಾವೆಯ ಹೊತ್ತಿಗೆ ಎಸ್‌ಸಿಒ ಷೇರುಗಳ ಒಟ್ಟು ಬೆಲೆ ಎರಡು ಮೂರು ಕೋಟಿ ಡಾಲರ್. ವಕೀಲರ ಫೀಸಿಗಿಂತ ಕೊಳ್ಳುವುದೇ ಅಗ್ಗ. ಲೆಕ್ಕ ತಪ್ಪೆನ್ನುವಂತಿಲ್ಲ. ಆದರೆ ದೊಡ್ಡದು ಹೀಗೇ ನಡೆದುಕೊಳ್ಳುತ್ತದೆಂದು ಸಣ್ಣದು ತನ್ನ ಜೇಬಿನಿಂದ ಅಳೆದ ಲೆಕ್ಕ ಅದು. ಐಬಿಎಂ ಆಗಸ್ಟಿನಲ್ಲಿ ಎದುರು ದಾವೆ ಹಾಕಿತು. ಮಾಂಟೆರೆಯ ಜೊತೆ ಮುರಿದದ್ದಕ್ಕೆ ತಡವಾದ ಚಿಪ್ಪು, ಲಿನಕ್ಸಿನ ಏರಿಕೆ ಎಂಬ ಸಪ್ಪೆ ಕಾರಣಗಳು ಬಯಲಿನಲ್ಲೇ ಬಿದ್ದಿದ್ದವು. ಸಪ್ಪೆ ಕಾರಣಕ್ಕೆ ಯಾರೂ ಷೇರು ಕೊಳ್ಳುವುದಿಲ್ಲವಲ್ಲ.

ಯೂಟಾದಲ್ಲೇ ನಡೆದ ಇನ್ನೊಂದು ಸಂಗತಿ. ನಮ್ಮ ಕೆರೆಗಳ ಗುಳುಮುಳುಕದ ನೆಂಟ ಹಕ್ಕಿಯೊಂದು ಚಳಿಗಾಲಕ್ಕೆ ಮುನ್ನ ಗ್ರೇಟ್ ಸಾಲ್ಟ್ ಲೇಕಿನಲ್ಲಿ ಲಕ್ಷಗಟ್ಟಲೆ ನೆರೆದು, ಉಪ್ಪುನೀರಿನ ಸಿಗಡಿ ತಿಂದು ಮೈದುಂಬಿಕೊಂಡು, ರಾತ್ರಿ ಹೊತ್ತು ದಕ್ಷಿಣಕ್ಕೆ ಹಾರುತ್ತದೆ. 2011ರ ಡಿಸೆಂಬರಿನ ಒಂದು ರಾತ್ರಿ ಸೀಡರ್ ಸಿಟಿಯ ಬಳಿ ಹಿಮ, ಮೋಡ. ದೀಪಕ್ಕೆ ಹೊಳೆಯುತ್ತಿದ್ದ ಪಾರ್ಕಿಂಗ್ ಜಾಗಗಳನ್ನು ನೀರೆಂದು ನಂಬಿ ಸಾವಿರಾರು ಹಕ್ಕಿಗಳು ಇಳಿದವು. ಸುಮಾರು 1,500 ಸತ್ತವು. ಬದುಕಿದವಕ್ಕೂ ಏಳಲಾಗಲಿಲ್ಲ, ಕಾಲುಗಳು ಮೈಯ ತೀರ ಹಿಂದಿರುವ ಈ ಹಕ್ಕಿ ನೀರಿನ ಮೇಲೆ ಓಡಿಯೇ ರೆಕ್ಕೆ ಎತ್ತಬೇಕು. ಜನ ಅವನ್ನು ಹೊತ್ತೊಯ್ದು ನೀರಿಗೆ ಬಿಟ್ಟರು. ಆ ಹಕ್ಕಿಗಳನ್ನು ಪೆದ್ದು ಎಂದವರನ್ನು ನಾನು ಕಂಡಿಲ್ಲ. ಸಣ್ಣ ಹೂಡಿಕೆದಾರನ ವಿಷಯಕ್ಕೆ ಬಂದರೆ ನಮ್ಮ ಔದಾರ್ಯ ಅಷ್ಟು ದೂರ ಹೋಗುವುದಿಲ್ಲ.

ದೊಡ್ಡ ಹೂಡಿಕೆದಾರರ ನಡೆ ಬೇರೆ. ಬೇಸ್ಟಾರ್ ಎಂಬ ಸಂಸ್ಥೆ ರಾಯಲ್ ಬ್ಯಾಂಕ್ ಆಫ್ ಕೆನಡಾ ಜೊತೆ 2003ರ ಅಕ್ಟೋಬರಿನಲ್ಲಿ ಐದು ಕೋಟಿ ಡಾಲರ್ ಹಾಕಿತ್ತು. ಆರು ತಿಂಗಳಿಗೆ ಸಂಬಂಧ ಹಳಸಿತು. ಬೇಸ್ಟಾರ್ ಒಪ್ಪಂದದ ಕಲಮು ಹಿಡಿದು ಹಣ ವಾಪಸ್ ಕೇಳಿ, ಒಂದಷ್ಟು ನಗದು, ಒಂದಷ್ಟು ಷೇರು ಪಡೆದು ಹೊರನಡೆಯಿತು. ನೂರು ಷೇರಿನವನ ಕೈಯಲ್ಲಿ ಯಾವ ಕಲಮೂ ಇರಲಿಲ್ಲ.

ಉಳಿದದ್ದನ್ನು ಬೇಗ ಹೇಳಬಹುದು. 2005ರ ಫೆಬ್ರುವರಿಯಲ್ಲಿ ನ್ಯಾಯಾಧೀಶ ಡೇಲ್ ಕಿಂಬಾಲ್, ಇಷ್ಟು ಗದ್ದಲದ ಹಿಂದೆ ಇಷ್ಟು ಕಡಿಮೆ ಪುರಾವೆಯೇ ಎಂದು ಬೆರಗಾದರು. 2007ರ ಆಗಸ್ಟ್ 10ರ ಶುಕ್ರವಾರ, ಹಕ್ಕುಸ್ವಾಮ್ಯ ನೊವೆಲ್‌ನದೇ ಎಂದು ತೀರ್ಪಿತ್ತರು. ಸೋಮವಾರ ಷೇರು ಒಂದೂವರೆ ಡಾಲರಿನಿಂದ 44 ಸೆಂಟಿಗೆ ಬಿತ್ತು. ಆ ದಿನ ಮಾರಿದಷ್ಟೇ ಷೇರುಗಳನ್ನು ಯಾರೋ ಕೊಂಡಿದ್ದಾರೆ ಕೂಡ, ಲೆಕ್ಕವೇ ಹಾಗೆ. ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಡಿಸೆಂಬರಿಗೆ ನಾಸ್ಡಾಕ್ ಪಟ್ಟಿಯಿಂದ ಹೆಸರು ಹೋಯಿತು.

ಮೊಕದ್ದಮೆ ಮಾತ್ರ ಸಾಯಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದು ಆರೋಪಕ್ಕೆ ಮತ್ತೆ ಜೀವ ಕೊಟ್ಟಿತು: ಮಾಂಟೆರೆಗೆಂದು ಕೊಟ್ಟ ಕೋಡನ್ನು ಐಬಿಎಂ ತನ್ನ ಬೇರೆ ಉತ್ಪನ್ನಕ್ಕೆ ಬಳಸಿಕೊಂಡಿತು ಎಂಬುದಕ್ಕೆ. 2021ರಲ್ಲಿ ಐಬಿಎಂ 1.425 ಕೋಟಿ ಡಾಲರಿಗೆ ರಾಜಿಗೆ ಒಪ್ಪಿತು. ಕೇಳಿದ್ದು ಐನೂರು ಕೋಟಿ. ಹಣ ಹೋದದ್ದು ದಿವಾಳಿಯ ಟ್ರಸ್ಟಿಯ ಕೈಗೆ, ಅಲ್ಲಿಂದ ಸಾಲಕೊಟ್ಟವರಿಗೆ. ಆ ಸರದಿಯಲ್ಲಿ ಷೇರುದಾರ ಎಲ್ಲರಿಗಿಂತ ಹಿಂದೆ ನಿಲ್ಲುತ್ತಾನೆ.