ಹದಿಮೂರು ಶಾಲೆಗಳ ಊರು, ಮೆಣಸಿನ ರಾಣಿಯ ನಾಡು

ಕುಮಟಾದಿಂದ ಅಂಕೋಲಾ ಕಡೆಗೆ ಹೊರಟರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮಿರ್ಜಾನ ಸಿಗುತ್ತದೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಚಿರೆಕಲ್ಲಿನ ಕೋಟೆ. ಮಳೆಗಾಲದಲ್ಲಿ ಅದರ ಗೋಡೆಗಳೆಲ್ಲ ಪಾಚಿ ಹಿಡಿದು ಹಸಿರಾಗಿರುತ್ತವೆ. ಸಮೀಪದಲ್ಲೇ ಅಘನಾಶಿನಿ ಹೊಳೆ. ಕೋಟೆಯನ್ನು ಕಟ್ಟಿಸಿದವರು ಯಾರೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನವಾಯತ ಸುಲ್ತಾನರು ಎನ್ನುವವರಿದ್ದಾರೆ, ಬಿಜಾಪುರದವರು ಎನ್ನುವವರಿದ್ದಾರೆ, ಗೇರುಸೊಪ್ಪೆಯ ರಾಣಿ ಎನ್ನುವವರೂ ಇದ್ದಾರೆ. 2000-01ರಲ್ಲಿ ಇಲ್ಲಿ ಉತ್ಖನನ ನಡೆದಾಗ ಚೀನಾದ ಪಿಂಗಾಣಿ ಚೂರುಗಳೂ ಪೋರ್ಚುಗೀಸರ ಚಿನ್ನದ ನಾಣ್ಯವೂ ಸಿಕ್ಕವು. ಹೊಳೆ ಬದಿಯ ಈ ಪುಟ್ಟ ಊರಿಗೂ ಚೀನಾಕ್ಕೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು.

ಸಹೋದರಿಯರೇ, ಭೂಪಟ ತೆರೆದು ನೋಡಿ. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ಕೈಬೆರಳಿನಷ್ಟು ಅಗಲದ ನೆಲ. ಇಲ್ಲಿ ಆಳಿದವರೆಲ್ಲ ಚಿಕ್ಕ ಅರಸರು, ಹೆಚ್ಚಿನವರು ವಿಜಯನಗರಕ್ಕೆ ಕಪ್ಪ ಕೊಡುತ್ತಿದ್ದವರು. ಆದರೂ ಇವರ ಹೆಸರು ಅರಬ್ ನಾಡಿಗೂ ಯುರೋಪಿಗೂ ತಲುಪಿತ್ತು.

ಮೊದಲು ಹೊನ್ನಾವರದ ಮಾತು. ಮೊರಕ್ಕೊದ ಪ್ರವಾಸಿ ಇಬ್ನು ಬತೂತ 1340ರ ದಶಕದಲ್ಲಿ ಅಲ್ಲಿಗೆ ಬಂದಾಗ ಆಳುತ್ತಿದ್ದವನು ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್. ಸೈನ್ಯ ಸುಮಾರು 6,000 ಮಂದಿ. ಅಷ್ಟೇ ಸೈನ್ಯವಿದ್ದರೂ ಆತನ ನೌಕಾಬಲಕ್ಕೆ ಅಂಜಿ ಮಲಬಾರಿನವರು ವರ್ಷಂಪ್ರತಿ ಹಣ ಒಪ್ಪಿಸುತ್ತಿದ್ದರಂತೆ. ಜನರಿಗೆ ಹೊಲಗದ್ದೆಯಿಲ್ಲ, ಜೀವನವೆಲ್ಲ ಸಮುದ್ರ ವ್ಯಾಪಾರದ ಮೇಲೆ.

ಆದರೆ ಇಬ್ನು ಬತೂತನನ್ನು ಬೆರಗುಗೊಳಿಸಿದ್ದು ಹಡಗುಗಳಲ್ಲ. ಈ ಊರಿನ ಸ್ತ್ರೀಯರೆಲ್ಲ ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದವರು ಎಂದು ಆತ ದಾಖಲಿಸಿದ್ದಾನೆ. ಹೆಣ್ಣುಮಕ್ಕಳಿಗಾಗಿ 13 ಶಾಲೆಗಳನ್ನೂ ಗಂಡುಮಕ್ಕಳಿಗಾಗಿ 23 ಶಾಲೆಗಳನ್ನೂ ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎನ್ನುತ್ತಾನೆ. ಮಕ್ಕಾ, ದಮಾಸ್ಕಸ್, ಕೈರೋಗಳನ್ನು ಕಂಡು, ದೆಹಲಿಯಲ್ಲಿ ಖಾಝಿಯಾಗಿದ್ದ ಮನುಷ್ಯನ ಮಾತಿದು! (ಹದಿಮೂರು ಇಪ್ಪತ್ಮೂರಕ್ಕಿಂತ ಕಡಿಮೆಯೇ ತಾನೆ ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ.) ಗಂಡಸರು ತಿಂಗಳುಗಟ್ಟಲೆ ಸಮುದ್ರದ ಮೇಲಿರುವ ಊರಿನಲ್ಲಿ ಮನೆ, ಮಕ್ಕಳು, ಕೊಡುಕೊಳ್ಳುವ ಲೆಕ್ಕವೆಲ್ಲ ಹೆಂಗಸರ ಮೇಲೆ ಬಿದ್ದಿರಬೇಕು. ಓದು ಬಲ್ಲ ತಾಯಂದಿರಿಲ್ಲದೆ ಇಂಥ ಊರು ನಡೆಯದು ಎಂಬುದು ಆ ಜನಕ್ಕೆ ತಿಳಿದಿತ್ತೆಂದು ನನಗನಿಸುತ್ತದೆ.

ಊಟದ ವಿಷಯವನ್ನೂ ಆತ ಬಿಟ್ಟಿಲ್ಲ. ಅನ್ನದ ಮೇಲೆ ತುಪ್ಪ, ಜೊತೆಗೆ ಹಸಿಮೆಣಸಿನ ಗೊಂಚಲು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಕೋಳಿ, ಬಗೆಬಗೆಯ ಮೀನು, ಕೊನೆಗೆ ಮೊಸರು. ಹನ್ನೊಂದು ತಿಂಗಳು ರೊಟ್ಟಿಯ ಮುಖವನ್ನೇ ನೋಡದೆ ಅನ್ನ ತಿಂದದ್ದನ್ನೂ ಹೇಳಿಕೊಂಡಿದ್ದಾನೆ. ಪಾಪ!

ನಿಮ್ಮಲ್ಲಿ ಹಲವರ ಮನೆಯವರು ಗಲ್ಫಿನಲ್ಲಿದ್ದಾರೆ. ಕತರ್ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಅಷ್ಟೇನೂ ದೊಡ್ಡದಲ್ಲ. ಅನಿಲದ ಹಣ ಅದಕ್ಕಿದೆ, ನಿಜ. ಆದರೆ 1995ರಲ್ಲಿ ಅಲ್ಲಿನ ಅಮೀರ್ ಹಾಗೂ ಅವರ ಪತ್ನಿ ಶೇಖಾ ಮೋಝಾ ಕತರ್ ಫೌಂಡೇಶನ್ ಸ್ಥಾಪಿಸಿ ದೋಹಾಕ್ಕೆ ವಿಶ್ವವಿದ್ಯಾನಿಲಯಗಳನ್ನು ಕರೆತಂದರು. 1996ರಲ್ಲಿ ಅಲ್ ಜಝೀರಾ ಆರಂಭವಾಯಿತು. ಕತರಿನ ಮಾತನ್ನು ದೊಡ್ಡ ದೇಶಗಳೂ ಕೇಳತೊಡಗಿದ್ದರಲ್ಲಿ ಇವುಗಳ ಪಾಲು ಸಣ್ಣದಲ್ಲ.

ಇನ್ನು ಮಿರ್ಜಾನಕ್ಕೆ ಬರೋಣ. ಇಬ್ನು ಬತೂತ ಬಂದುಹೋದ ಇನ್ನೂರು ವರ್ಷಗಳ ಬಳಿಕ ಈ ಕರಾವಳಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೈಯಲ್ಲಿತ್ತು. 1552ರಿಂದ 1606ರವರೆಗೆ, ಐವತ್ನಾಲ್ಕು ವರ್ಷ ಆಕೆ ಆಳಿದಳೆಂದು ಹೇಳುತ್ತಾರೆ. ಘಟ್ಟದ ತೋಟಗಳಲ್ಲಿ ಬೆಳೆದ ಮೆಣಸು ಒಣಗಿ ಚೀಲ ಸೇರಿ ಹೊಳೆಯ ದೋಣಿಗಳಲ್ಲಿ ಕೆಳಗಿಳಿಯುತ್ತಿತ್ತು. ಶರಾವತಿಯದು ಹೊನ್ನಾವರಕ್ಕೆ, ಅಘನಾಶಿನಿಯದು ಮಿರ್ಜಾನಕ್ಕೆ. ಅಲ್ಲಿಂದ ಸೂರತ್, ಅರಬ್ ನಾಡು, ಯುರೋಪು. ಪೋರ್ಚುಗೀಸರು ಆಕೆಯನ್ನು ‘ರೈನಾ ದ ಪಿಮೆಂತ’, ಅಂದರೆ ಮೆಣಸಿನ ರಾಣಿ ಎಂದೇ ಕರೆದರು. ವ್ಯಾಪಾರಕ್ಕೆ ಅವರೊಂದಿಗೆ ಒಪ್ಪಂದವೂ ಆಗುತ್ತಿತ್ತು, ಯುದ್ಧವೂ ಆಗುತ್ತಿತ್ತು. 1569ರಲ್ಲಿ ಅವರು ಹೊನ್ನಾವರವನ್ನು ಆಕೆಯಿಂದ ಕಿತ್ತುಕೊಂಡರು.

ರಾಣಿ ಜೈನಳು. ಆದರೆ ಶೈವ, ವೈಷ್ಣವ ದೇಗುಲಗಳಿಗೂ ದಾನ ಕೊಟ್ಟಳು. ಗೋವಾದಲ್ಲಿ 1560ರಿಂದ ಇನ್‌ಕ್ವಿಸಿಶನ್ನಿನ ಹಿಂಸೆ ಶುರುವಾದಾಗ ಓಡಿಬಂದ ಕೊಂಕಣಿಗರಿಗೆ ನೆಲೆ ಕೊಟ್ಟಳು. ಭಟ್ಕಳ, ಹೊನ್ನಾವರಗಳಲ್ಲಿ ಅರಬ್ ಮೂಲದ ನಮ್ಮ ವರ್ತಕ ಮನೆತನಗಳು ಅದಾಗಲೇ ಬೇರುಬಿಟ್ಟಿದ್ದವು. ಯೋಚಿಸಿ, ಮೆಣಸು ಮಲಬಾರಿನಲ್ಲೂ ಇತ್ತು. ಆದರೆ ಸಮುದ್ರ ದಾಟಿ ಬಂದ ವರ್ತಕನಿಗೆ ಸರಕಿನಷ್ಟೇ ಮುಖ್ಯವಾದದ್ದು ತನ್ನ ಜೀವ, ಧರ್ಮ, ಹಣಕ್ಕೆ ಅಲ್ಲಿ ಭಯವಿಲ್ಲವೆಂಬ ಭರವಸೆ.

1606ರ ಹೊತ್ತಿಗೆ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದು ರಾಣಿಯನ್ನು ಸೆರೆಹಿಡಿದ. ಆಕೆ ಸೆರೆಯಲ್ಲೇ ತೀರಿಕೊಂಡಳಂತೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅಲ್ಲಿಗೆ ಹೋದಾಗ ಹೆಸರಾಂತ ನಗರ ಕಾಡು ಬೆಳೆದು ಹಾಳುಬಿದ್ದಿತ್ತು. ಯಾವನೋ ಪರಸ್ಥಳದವನ ಮೋಹಕ್ಕೆ ಬಿದ್ದು ರಾಣಿ ರಾಜ್ಯ ಕಳೆದುಕೊಂಡಳೆಂಬ ಕತೆಯನ್ನು ಆತ ಕೇಳಿ ಬರೆದಿಟ್ಟಿದ್ದಾನೆ. ಅರಸ ಸೋತರೆ ಸೈನ್ಯದ ದೋಷ, ಅರಸಿ ಸೋತರೆ ನಡತೆಯ ದೋಷ!

ಆ 13 ಶಾಲೆಗಳಲ್ಲಿ ಕಲಿಸಿದವರ ಹೆಸರು ಯಾರೂ ಬರೆದಿಡಲಿಲ್ಲ. ಕಟ್ಟಡಗಳ ಗುರುತೂ ಇಲ್ಲ. ಭಟ್ಕಳ, ಹೊನ್ನಾವರ, ಕುಮಟಾದ ಹಳೆಯ ಮನೆಗಳ ಅಟ್ಟದಲ್ಲಿ ಅಜ್ಜಿಯ ಕಾಲದ ಕೈಬರಹದ ಗ್ರಂಥವೋ ವ್ಯಾಪಾರದ ಲೆಕ್ಕಪುಸ್ತಕವೋ ಇದ್ದರೆ ಗುಜರಿಯವನಿಗೆ ಕೊಡಬೇಡಿ. ಅರಬಿ, ಫಾರ್ಸಿ ಓದಬಲ್ಲವರಿಗೆ ಒಮ್ಮೆ ತೋರಿಸಿ. ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ.