ಶಾಯಿ ಬೇಡದ ಅಚ್ಚು

ಮಳೆ ಹಿಂದೆ ಸರಿಯುವ ಹೊತ್ತಿಗೆ ಮಂಗಳೂರಿನ ಬಿಕರ್ನಕಟ್ಟೆಯ ಮುರಕಲ್ಲಿನ ಹಳೆಯ ಕಂಪೌಂಡುಗಳಲ್ಲಿ ಜರಿಗಿಡಗಳು ಸೊಂಪಾಗಿರುತ್ತವೆ. ಯಾರೂ ನೆಟ್ಟವಲ್ಲ, ಬಿಸಿಲು ಬಲಿತರೆ ಒಣಗಿ ಉದುರುವಂಥವು. ಅವನ್ನು ಅದೇ ಬಿಸಿಲಿನಿಂದ ಕಾಗದದಲ್ಲಿ ಉಳಿಸಿಕೊಳ್ಳುವ ಕಲೆ ಸಯನೋಟೈಪ್.

1842ರಲ್ಲಿ ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಮರುವರ್ಷವೇ ಆನಾ ಅಟ್ಕಿನ್ಸ್ ಕಡಲಪಾಚಿಗಳ ನೀಲಿ ಅಚ್ಚುಗಳನ್ನು ಪುಸ್ತಕವಾಗಿ ಹೊರತರತೊಡಗಿದರು. ಅದೇ 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿತು. ಗಿಡದಿಂದಲೇ ಗಿಡದ ಚಿತ್ರ ತೆಗೆಯುವ ಕೆಲಸವೂ ಈ ಊರಿಗೆ ಹೊಸದಲ್ಲ. ದಕ್ಷಿಣ ಭಾರತದ ಸಸ್ಯಗಳ ತಾಜಾ ಮಾದರಿಗಳಿಂದಲೇ ಬಣ್ಣದಲ್ಲಿ ಒತ್ತಿದ ಹುಂಜಿಕರ್ ಅವರ ಸಂಗ್ರಹ 1862ರಲ್ಲಿ ಆ ಮಿಷನ್ನಿನ ಅಚ್ಚುಕೂಟದಿಂದಲೇ ಬಂತು. ನಮ್ಮ ಸಯನೋಟೈಪ್ ಆಸಕ್ತರು ಅಟ್ಕಿನ್ಸ್ ಜೊತೆಗೆ ಹುಂಜಿಕರ್ ಹೆಸರನ್ನೂ ನೆನೆಯಬೇಕು.

ಎರಡು ಅಚ್ಚುಗಳ ಗುಣ ಬೇರೆ. ಶಾಯಿಯದು ಎಲೆಯ ಉಬ್ಬುತಗ್ಗನ್ನು, ನರಗಳನ್ನು ಹಿಡಿಯುತ್ತದೆ. ಸಯನೋಟೈಪ್ ಹಿಡಿಯುವುದು ನೆರಳನ್ನು. ದಪ್ಪ ಹಲಸಿನೆಲೆ ಇಟ್ಟರೆ ಬರೀ ಬಿಳಿ ಆಕಾರ ಬಂದೀತು. ತೆಳು ಜರಿಯೆಲೆಯಲ್ಲಾದರೆ ಬೆಳಕು ಒಳಗೆ ಹಾಯುತ್ತದೆ: ಕಡ್ಡಿ ಬಿಳಿ, ಎಲೆ ತಿಳಿನೀಲಿ, ತಳದಲ್ಲಿರುವ ಬೀಜಕಣದ ಗುಂಪುಗಳು ಬಿಳಿ ಚುಕ್ಕಿ. ನೆಲನೆಲ್ಲಿಯನ್ನು ಕವುಚಿ ಇಟ್ಟರೆ ಕಾಯಿ ಕಾಣವು, ಓರೆಯಾಗಿ ಒತ್ತಬೇಕು. ತಜಂಕ್ ಗಿಡ ಸಂಜೆಗೆ ಎಲೆ ಮಡಚುತ್ತದೆ, ಬೆಳಿಗ್ಗೆಯೇ ಕೊಯ್ಯುವುದು ಒಳ್ಳೆಯದು.

ಸಯನೋಟೈಪಿಗೆ ಬೇಕಾದ ರಾಸಾಯನಿಕಗಳು ಎರಡು: ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಒಂದೊಂದನ್ನೂ 100 ಮಿ.ಲೀ. ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಬೇಕಾದಷ್ಟನ್ನು ಸಮಪಾಲು ಬೆರೆಸಿ, ಮಂದ ಬೆಳಕಿನಲ್ಲಿ ಜಲವರ್ಣದ ದಪ್ಪ ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸುತ್ತಾರೆ. ಕೈಗವಸು ಇರಲಿ, ಫೆರಿಸಯನೈಡಿಗೆ ಆಮ್ಲ ತಾಗಿಸಬಾರದು, ಬಿಸಿ ಮಾಡಬಾರದು. ಕರಾವಳಿಯ ತೇವದಲ್ಲಿ ಬಳಿದ ಕಾಗದ ಬೇಗ ಕೆಡುತ್ತದೆ, ಅಂದಂದಿನದು ಅಂದಂದಿಗೇ ಮುಗಿಯಲಿ.

ಗಿಡ ಇಟ್ಟು, ಮೇಲೊಂದು ಗಾಜು ಬಿಗಿದು ಅಂಗಳಕ್ಕೆ ತಂದರೆ ಬಿಸಿಲಿನ ಅತಿನೇರಳೆ ಕಿರಣ ಕೆಲಸ ಶುರು ಮಾಡುತ್ತದೆ. ಕಬ್ಬಿಣದ ಲವಣ ರೂಪ ಬದಲಿಸಿ, ಫೆರಿಸಯನೈಡಿನೊಡನೆ ಕೂಡಿ ನೀರಿಗೆ ಕರಗದ ಪ್ರಷ್ಯನ್ ನೀಲಿಯಾಗುತ್ತದೆ. ಹಳದಿ ಹಸಿರಾಗಿದ್ದ ಕಾಗದ ನೀಲಿಗೆ ತಿರುಗಿ, ಕೊನೆಗೆ ಬೂದಿ ಕಂಚಿನ ಬಣ್ಣಕ್ಕೆ ಬರಬೇಕು. ಗಡಿಯಾರಕ್ಕಿಂತ ಈ ಬಣ್ಣವನ್ನೇ ನಂಬಿ. ನೆತ್ತಿಯ ಬಿಸಿಲಿನಲ್ಲಿ ಅಂಚು ಖಡಕ್ಕು, ಇಳಿಬಿಸಿಲಿನಲ್ಲಿ ಮೆತ್ತಗೆ. ಆಮೇಲೆ ಹಳದಿ ಪೂರಾ ಬಿಡುವ ತನಕ ನೀರಿನಲ್ಲಿ ತೊಳೆಯುವುದು. ಸೋಪು, ಸೋಡಾ ತಾಗಿದರೆ ನೀಲಿ ಅಳಿಯುತ್ತದೆ.

ಹುಂಜಿಕರ್ ಸಂಗ್ರಹದ ನಂತರ, 1881ರಲ್ಲಿ, ಸ್ಟೋಲ್ಜ್ ಅವರು ಐನೂರು ಗಿಡಗಳ ಉಪಯೋಗ ಹೇಳುವ ಕನ್ನಡ ಪುಸ್ತಕವನ್ನೂ ಮಂಗಳೂರಿನಿಂದಲೇ ತಂದರು. ಚಿತ್ರ ಮತ್ತು ತಿಳಿವಳಿಕೆ ಎರಡೂ ಒಂದೇ ಹಾಳೆಯಲ್ಲಿ ಇರಬಾರದೇಕೆ? ರಾಸಾಯನಿಕ ಬಳಿಯುವ ಮೊದಲೇ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗಿಡದ ಕನ್ನಡ, ತುಳು, ಕೊಂಕಣಿ ಹೆಸರು, ಕೊಯ್ದ ದಿನ, ಯಾವ ಕಟ್ಟೆಯ ಬುಡ ಎಂಬುದನ್ನು ಬರೆಯಿರಿ. ಮುರಕಲ್ಲಿನ ಗೋಡೆ ಹೋಗಿ ಕಾಂಕ್ರೀಟು ಬಂದ ಮೇಲೆ ಅಲ್ಲಿ ಏನು ಬೆಳೆಯುತ್ತಿತ್ತು ಎಂಬುದಕ್ಕೆ ಸಿಗುವ ದಾಖಲೆ ಅದು.